ಹಸಿರು ಸೀರೆಯ ಗಂಟು

ಮುಳ್ಳೂರು, ಕೊಳ್ಳೇಗಾಲ ತಾಲ್ಲೂಕು
೨೩-೨-೨೦೨೩, ಗುರುವಾರ ಬೆಳಿಗ್ಗೆ

ಪ್ರೀತಿಯ ರತ್ನಾ,

ಮಂಡಿನೋವು ಹೇಗಿದೆ? ಅಲ್ಲಿ ಮೆಟ್ಟಿಲು ಜಾಸ್ತಿ, ಲಿಫ್ಟು ಹತ್ತಲು ನಾಚಿಕೊಳ್ಳಬೇಡ. ಬಿ.ಪಿ. ಮಾತ್ರೆ ಕೈಚೀಲದ ಸಣ್ಣ ಖಾನೆಯಲ್ಲಿದೆ. ಶಿವರಾತ್ರಿಗೆ ಬಂದವಳು ಹೊರಡುವಾಗ ನಾನೇ ಇಟ್ಟಿದ್ದೆ. ನಾನು ಚೆನ್ನಾಗಿದ್ದೇನೆ. ಎಮ್ಮೆಯೂ ಚೆನ್ನಾಗಿದೆ, ನೀನಿಲ್ಲವೆಂದು ಒಂದು ಲೋಟ ಹಾಲು ಕಡಿಮೆ ಕೊಡುತ್ತಿದೆ, ಅಷ್ಟೇ.

ನಾಳೆ ವಿಧಾನಸಭೆಯಲ್ಲಿ ನಿನ್ನ ಕೊನೆಯ ಮಾತು. ಇನ್ನು ಚುನಾವಣೆಗೆ ನಿಲ್ಲುವುದಿಲ್ಲ ಎಂದು ನೀನು ಹೇಳಿದಾಗಿನಿಂದ ನನಗೆ ಹಳೆಯದೇ ನೆನಪು. ನಮ್ಮೂರಿಂದ ಅಲ್ಲಿಗೆ ಹೋದ ಮೊದಲ ಹೆಂಗಸು ನೀನು. ಮೊದಲ ಸಲ ನಿಂತಾಗ ಪಕ್ಕದ ಮನೆಯ ಚೆನ್ನಯ್ಯ ನಮ್ಮ ಜಗಲಿಯ ಮೇಲೇ ಕೂತು, “ಎಂಡ್ರು ಓಟ್ಗೆ ನಿಂತ್ರೆ ನೀನು ಮುದ್ದೆ ತೊಳಸ್ಬೇಕಾಯ್ತದೆ ಕಣ್ಲಾ” ಎಂದು ನಕ್ಕಿದ್ದ. ತೊಳಸಿದೆ. ನೀನು ಮೂರು ಸಲ ಗೆದ್ದೆ. ಈ ಹದಿನೈದು ವರ್ಷ ಆ ಮುದ್ದೆಯನ್ನು ನನಗಿಂತ ಹೆಚ್ಚು ಉಂಡವನು ಚೆನ್ನಯ್ಯನೇ.

ನಿನ್ನ ಸೆರಗಿನ ಗಂಟುಗಳೂ ನೆನಪಾಗುತ್ತವೆ. ಯಾರೇ ಕಷ್ಟ ಹೇಳಿಕೊಂಡರೂ ಅವರ ಕಣ್ಣೆದುರೇ ಸೆರಗಿನ ತುದಿಗೆ ಒಂದು ಗಂಟು. ಕೆಲಸವಾದ ಮೇಲೆ ಅವರ ಕೈಯಲ್ಲೇ ಬಿಚ್ಚಿಸುತ್ತಿದ್ದೆ. ಅದನ್ನು ಕಂಡು ನಕ್ಕ ಅಧಿಕಾರಿಗೆ, “ನಿಮ್ ಫೈಲು ಕಳ್ದೋಯ್ತದೆ ಸಾ, ನನ್ ಸೆರಗು ಮೈಮೇಲೇ ಇರ್ತದೆ” ಎಂದಿದ್ದೆಯಂತೆ. ನಾಳೆ ಎಲ್ಲರೆದುರು ಒಂದು ಗಂಟೂ ಉಳಿದಿಲ್ಲ ಎಂದು ಹೇಳಿ ಕೂರುತ್ತೇನೆ ಅಂದಿದ್ದೀಯ.

ನಿನ್ನೆ ಬೆಟ್ಟದ ಮೇಲಿನ ಪೋಡಿನ ಹಟ್ಟಿಯಿಂದ ಬೊಮ್ಮಮ್ಮ ಮೊಮ್ಮಗಳು ರೂಪಳ ಜೊತೆ ಬಂದಿದ್ದಳು, ನಿನಗೆಂದು ಜೇನು ಕೊಟ್ಟಳು. ಜೇನು, ಈ ಕಾಗದ, ನೀನು ಅವಸರದಲ್ಲಿ ಬಿಟ್ಟುಹೋದ ಹಸಿರು ಸೀರೆ, ಮೂರನ್ನೂ ಡ್ರೈವರ್ ಮಹದೇವಪ್ರಸಾದನ ಕೈಯಲ್ಲಿ ಕಳಿಸುತ್ತಿದ್ದೇನೆ. ಮಾದಪ್ಪ ನಿನ್ನ ದನಿ ಕಾಯಲಿ.

ನಿನ್ನ ದಾರಿ ನೋಡುತ್ತಿರುವ,
ಕೆಂಪನಂಜಪ್ಪ

ಇನ್ನೊಂದು ಮಾತಿದೆ. ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಆ ಹಸಿರು ಸೀರೆಯಲ್ಲಿ ಒಂದು ಗಂಟು ಇತ್ತು. ಸೋಪು ಹಿಡಿಯಲಿ ಎಂದು ನಾನೇ ಬಿಚ್ಚಿ ಒಗೆದುಬಿಟ್ಟೆ. ಮೊನ್ನೆ ನೀನು ಫೋನಿನಲ್ಲಿ ಗಂಟೇನಾದರೂ ಉಳಿದಿದೆಯೇ ಎಂದು ಕೇಳಿದಾಗ ಬೈಯುತ್ತೀಯೆಂದು ಹೆದರಿ, ಒಂದೂ ಇಲ್ಲ ಅಂದೆ. ಅದು ಬೊಮ್ಮಮ್ಮನ ಗಂಟು. ಹನೂರಿನಿಂದ ಅವರ ಪೋಡಿಗೆ ಬಸ್ಸು ಬರದಿದ್ದರೆ, ಈಗ ಏಳನೇ ಕ್ಲಾಸಿನಲ್ಲಿರುವ ರೂಪ ಎಂಟನೇ ಕ್ಲಾಸಿಗೆ ಹನೂರಿಗೆ ಹೋಗಲಾಗದೆ ಜೂನಿನಿಂದ ಮನೆಯಲ್ಲೇ. “ಅಮ್ಮಾರು ಗಂಟಾಕವ್ರೆ ಯಜಮಾನ್ರೆ, ಬಸ್ಸು ಬಂದೇ ಬತ್ತದೆ” ಎಂದಳು ನಿನ್ನೆ ಬೊಮ್ಮಮ್ಮ. ತಡೆಯಲಾರದೆ ನಿಜ ಹೇಳಿದೆ. “ಎಂಡ್ರು ಸೀರೆ ಒಗ್ಯಾಕೂ ಬರಾಕಿಲ್ವಾ?” ಎಂದು ನಕ್ಕಳು, ಕಣ್ಣು ಮಾತ್ರ ನಗಲಿಲ್ಲ. ರೂಪಳ ಕೈಯಿಂದಲೇ ಗಂಟು ಮತ್ತೆ ಹಾಕಿಸಿದ್ದೇನೆ. ನಾಳೆ ಅದೇ ಸೀರೆ ಉಡು. ಹುಡುಗಿ ಬಲು ಬಿಗಿಯಾಗಿ ಹಾಕಿದ್ದಾಳೆ. ಈ ಸಲ ನನ್ನ ಕೈಗಂತೂ ಬಿಚ್ಚುವುದಿಲ್ಲ.