ಹದಿನಾಲ್ಕನೇ ಮಳಿಗೆಯನ್ನು ನಾನು ಕೇಳಿರಲಿಲ್ಲ

ಮಾರುಕಟ್ಟೆ ಮಳಿಗೆಗಳ ಹಂಚಿಕೆ ಅಧಿಕಾರಿಗಳಾದ ಮಾನ್ಯರೇ,

ನೀವು ನನಗೆ ಒಂದು ಮಳಿಗೆ ಮಂಜೂರು ಮಾಡಿದ್ದೀರಿ. ದಯವಿಟ್ಟು ಅದನ್ನು ವಾಪಸ್ ತೆಗೆದುಕೊಳ್ಳಿ. ಇಂಥ ದೂರು ನಿಮ್ಮ ಕಚೇರಿಗೆ ಇದೇ ಮೊದಲ ಸಲ ಬರುತ್ತಿರಬಹುದು. ಕೊಡಲಿಲ್ಲವೆಂದು ಗೋಳಾಡುವವರನ್ನೇ ನೀವು ಈವರೆಗೆ ನೋಡಿರುವುದು. ಆದರೆ ಕಳೆದ ಸೋಮವಾರ ನನ್ನ ಕೈಸೇರಿದ ಆದೇಶದಲ್ಲಿರುವ ಹದಿನಾಲ್ಕನೇ ಮಳಿಗೆ ಖಾಲಿಯಿಲ್ಲ. ನನ್ನ ತಾಯಿಯ ತಮ್ಮ, ಅಂದರೆ ನನ್ನ ಸೋದರಮಾವ, ಮೂವತ್ತೊಂದು ವರ್ಷಗಳಿಂದ ಅಲ್ಲಿ ಕ್ಷೌರದ ಕೆಲಸ ಮಾಡುತ್ತಿದ್ದಾರೆ. ನನಗೆ ಕತ್ತರಿ ಹಿಡಿಯುವುದನ್ನು ಕಲಿಸಿದವರೂ ಅವರೇ. ತಿಂಗಳ ಕೊನೆಯೊಳಗೆ ಅವರು ಹೊರಗೆ ಹೋಗಬೇಕಂತೆ, ನಾನು ಒಳಗೆ ಹೋಗಬೇಕಂತೆ.

ನಾನು ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ಹದಿನೈದು ದಿನಕ್ಕೊಮ್ಮೆ, ಶನಿವಾರ ಬೆಳಿಗ್ಗೆ, ಅರ್ಧ ಗಂಟೆ ಕಾಲ ನಿಮ್ಮ ತಲೆ ನನ್ನ ಕೈಯಲ್ಲಿರುತ್ತದೆ.

ಮೊದಲು ಇಡೀ ಮಾರುಕಟ್ಟೆ ಸರ್ಕಾರದ್ದಾಗಿತ್ತು. ಹದಿನಾಲ್ಕನೇ ಮಳಿಗೆಯೇ ಸರ್ಕಾರಿ ಕ್ಷೌರಶಾಲೆ. ಮಾವನದೂ ನನ್ನದೂ ಅಕ್ಕಪಕ್ಕದ ಕುರ್ಚಿಗಳು, ಒಂದೇ ದರ, ಒಂದೇ ಸಂಬಳ. ಅದೇನೂ ಸುವರ್ಣಯುಗವಲ್ಲ ಬಿಡಿ. ಒಂದು ಪೊಟ್ಟಣ ಬ್ಲೇಡಿಗೆ ಮೂವರ ಸಹಿ ಬೇಕಿತ್ತು. ಕನ್ನಡಿ ಒಡೆದಾಗ ಎರಡು ವರ್ಷ ಗಿರಾಕಿಗಳು ಅರ್ಧ ಮುಖ ನೋಡಿಕೊಂಡೇ ಎದ್ದು ಹೋದರು. ಆಮೇಲೆ ಹೊಸ ನೀತಿ ಬಂತು. ಇನ್ನು ಮೇಲೆ ಮುಕ್ತ ಸ್ಪರ್ಧೆ, ದುಡಿದವನಿಗೆ ದುಡಿದಷ್ಟು ಎಂದು ಧ್ವನಿವರ್ಧಕದಲ್ಲಿ ಸಾರಿದರು. ಮಾವ ಅಲ್ಲೇ ಉಳಿದರು, ನಾನು ಎದುರಿನ ಪುಟ್ಟ ಮಳಿಗೆ ಹಿಡಿದೆ. ಇವತ್ತು ನನ್ನ ಆದಾಯ ಅವರದಕ್ಕಿಂತ ಮೂರು ಪಟ್ಟು ಹೆಚ್ಚು. ನನ್ನ ಕತ್ತರಿ ಹೆಚ್ಚು ಹರಿತವೇ? ಮಾವನ ಕೈಯ ನಯದಲ್ಲಿ ಅರ್ಧವೂ ನನ್ನ ಕೈಗೆ ಬಂದಿಲ್ಲ. ನಾನು ಹೆಚ್ಚು ದುಡಿಯುತ್ತೇನೆಯೇ? ನಾನು ಬಾಗಿಲು ತೆಗೆಯುವಷ್ಟರಲ್ಲಿ ಅವರು ಇಬ್ಬರ ಗಡ್ಡ ಮುಗಿಸಿರುತ್ತಾರೆ. ಹಾಗಾದರೆ ಯಾವ ಸ್ಪರ್ಧೆಯಲ್ಲಿ ನಾನು ಗೆದ್ದೆ ಮಾನ್ಯರೇ? ಒಂದು ಶನಿವಾರ ಮಾವನ ಅಂಗಡಿ ತುಂಬಿತ್ತೆಂದು ನೀವು ಬಂದು ನನ್ನ ಖಾಲಿ ಕುರ್ಚಿಯಲ್ಲಿ ಕೂತಿರಿ. ನನ್ನ ಏಳಿಗೆಯ ಕಥೆ ಇಷ್ಟೇ.

ಅಂದಿನಿಂದ ನನ್ನ ಅಂಗಡಿಗೆ ಕೂದಲಿಲ್ಲದವರೂ ಬರತೊಡಗಿದರು. ಬೋಳುತಲೆಯ ಗುತ್ತಿಗೆದಾರರೊಬ್ಬರು ಒಂದೇ ತಿಂಗಳಲ್ಲಿ ಮೂರನೇ ಸಲ ಬಂದು ಕೂತಾಗ ನನಗೇ ನಾಚಿಕೆಯಾಗಿ, "ಏನ್ ಕತ್ತರಿಸ್ಲಿ ಸಾರ್?" ಎಂದು ಕೇಳಿದೆ.

"ಸುಮ್ನೆ ಕತ್ತರಿ ಆಡ್ಸಪ್ಪ. ನಮ್ಮ ಭಾವಮೈದುನಂಗೆ ಒಂದು ಮಳಿಗೆ ಬೇಕಿತ್ತು, ಸಾಹೇಬ್ರ ಕಿವಿಗೆ ಒಂಚೂರು ಹಾಕು" ಎಂದರು.

ಹಾಕಿದೆ. ಸುಳ್ಳೇಕೆ ಹೇಳಲಿ? ಎಷ್ಟೋ ಜನರ ವಿಷಯ ಹಾಕಿದ್ದೇನೆ. ಕೆಲಸವಾದಾಗ ಒಳಗೊಳಗೇ ಬೀಗಿಯೂ ಇದ್ದೇನೆ. ಮಾವನ ವಿಷಯವೊಂದನ್ನು ಮಾತ್ರ ಎತ್ತಲಿಲ್ಲ. ಸರ್ಕಾರದ ಕಾಲದಿಂದ ಅದೇ ಮಳಿಗೆಯಲ್ಲಿರುವವರೆಲ್ಲ ಹೊಸದಾಗಿ ಅರ್ಜಿ ಹಾಕಬೇಕೆಂದು ನೀವು ಸೂಚನೆ ಹೊರಡಿಸಿದ ದಿನವೇ ಅವರು ಸರದಿಯಲ್ಲಿ ನಿಂತು ಹಾಕಿ ಬಂದಿದ್ದರು; ಬಂದ ಅರ್ಜಿಗಳಲ್ಲಿ ಅವರದು ಮೂರನೆಯದು. "ನಾನೊಂದು ಮಾತು ಹೇಳ್ಲಾ ಮಾವ?" ಎಂದು ಕೇಳಿದ್ದೆ. "ಬೇಡ ಕಣೋ. ಇಷ್ಟು ವರ್ಷ ದುಡಿದ ಜಾಗಕ್ಕೆ ನಾನ್ಯಾಕೆ ಯಾರ್ದೋ ಕೈಕಾಲು ಹಿಡೀಲಿ?" ಎಂದಿದ್ದರು. ನನಗೆ ನಿರಾಳವಾಯಿತು. ನಿಮ್ಮಲ್ಲಿ ಒಂದು ಮಾತು ಖರ್ಚು ಮಾಡುವುದು ತಪ್ಪಿತಲ್ಲ ಎಂದುಕೊಂಡ ನೀಚತನವನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಎರಡು ತಿಂಗಳ ಹಿಂದೆ ನಿಮ್ಮ ಕತ್ತಿನ ಹಿಂದೆ ಮಷಿನ್ ಆಡಿಸುತ್ತಾ, "ಏನ್ ಮಾಡೋದು ಸಾರ್, ಜಾಗ ಇಕ್ಕಟ್ಟು, ಗಿರಾಕಿಗಳು ಹೊರಗೇ ನಿಂತಿರ್ತಾರೆ" ಎಂದೆ. ಕ್ಷೌರಿಕನ ಬಾಯಿ ಸುಮ್ಮನಿರುತ್ತದೆಯೇ? ಸೆಖೆ, ಸೊಳ್ಳೆ, ಮೊಣಕಾಲು ನೋವು, ಏನಾದರೊಂದು ಆಡುತ್ತಲೇ ಇರುತ್ತದೆ. ನೀವು "ಹೂಂ" ಎಂದಿರಿ. ಮಾವ ಸರದಿಯಲ್ಲಿ ನಿಂತು ಹಾಕಿದ ಅರ್ಜಿ ಏಳು ತಿಂಗಳಿಂದ ನಿಮ್ಮಲ್ಲಿ ಧೂಳು ತಿನ್ನುತ್ತಿದೆ. ನಾನು ಹಾಕದ ಅರ್ಜಿ ಎರಡೇ ತಿಂಗಳಲ್ಲಿ ಮಂಜೂರಾಗಿದೆ. ಇಷ್ಟು ಚುರುಕಾದ ಆಡಳಿತವನ್ನು ಹೊಗಳದಿರಲು ಸಾಧ್ಯವೇ?

ಆದೇಶ ಹಿಂದಿರುಗಿಸಲು ಮರುದಿನವೇ ನಿಮ್ಮ ಕಚೇರಿಗೆ ಬಂದೆ. "ಮಳಿಗೆ ತಗೊಳ್ಳೋಕೆ ಫಾರಂ ಇದೆ, ವಾಪಸ್ ಕೊಡೋಕೆ ಇಲ್ಲ" ಎಂದರು ಗುಮಾಸ್ತರು.

"ನಂಗೆ ಬೇಡ ಅಂದ್ರೆ?"

"ಮುಂದಿನ ಹೆಸರಿಗೆ ಹೋಗುತ್ತೆ."

"ಅದು ನಮ್ಮ ಮಾವಂದಾ?"

ಗುಮಾಸ್ತರು ನಕ್ಕರು. ಮುಂದಿನ ಹೆಸರು ಆ ಗುತ್ತಿಗೆದಾರರ ಭಾವಮೈದುನನದು. ನಾನೇ ನಿಮ್ಮ ಕಿವಿಗೆ ಹಾಕಿದ್ದ ಹೆಸರು! ಹೋಗಲಿ, ಮಳಿಗೆ ಪಡೆದು ಮಾವನಿಗೇ ಬಿಟ್ಟುಕೊಡೋಣವೆಂದರೆ ಒಳಬಾಡಿಗೆ ನಿಷಿದ್ಧ, ಸಿಕ್ಕಿಬಿದ್ದರೆ ನನ್ನ ಎರಡೂ ಪರವಾನಗಿ ರದ್ದು. ನಿಯಮ ಇಷ್ಟು ಬಿಗಿಯಾಗಿರುವುದನ್ನು ನಿಮ್ಮ ಕಚೇರಿಯಲ್ಲಿ ನಾನು ಕಂಡಿದ್ದು ಇದೊಂದೇ ಕಡೆ. ತೆಗೆದುಕೊಂಡರೆ ನಾನು ಕಳ್ಳ, ಬಿಟ್ಟರೆ ಇನ್ನೊಬ್ಬನ ಪಾಲು. ಅಮ್ಮ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. "ಯಾರೋ ತಿನ್ನೋ ಬದ್ಲು ನೀವೇ ಇಟ್ಕೊಳ್ಳಿ, ಮಾವನ್ನ ನಾವು ನೋಡ್ಕೊಂಡ್ರಾಯ್ತು" ಎನ್ನುತ್ತಾಳೆ ಹೆಂಡತಿ. ದಿನ ಕಳೆದಂತೆ ಆ ಮಾತು ನನಗೂ ಸರಿಯೆನಿಸತೊಡಗಿದೆ. ನನಗೆ ಭಯವಾಗುತ್ತಿರುವುದು ಅದಕ್ಕೇ.

ನಿನ್ನೆ ಮಧ್ಯಾಹ್ನ ಮಾವ ರಸ್ತೆ ದಾಟಿ ನನ್ನ ಅಂಗಡಿಗೆ ಬಂದರು. ಬೈದಿದ್ದರೆ ಚೆನ್ನಾಗಿತ್ತು. ಚಪ್ಪಲಿ ಹೊರಗೆ ಬಿಟ್ಟು, ನಿಮ್ಮ ಕಚೇರಿಯ ಬಾಗಿಲಲ್ಲಿ ಜನ ನಿಲ್ಲುವ ಹಾಗೆ ನಿಂತರು. "ಅಲ್ಲಿ ಎರಡು ಕುರ್ಚಿ ಹಾಕ್ತೀಯಲ್ಲ, ಒಂದಕ್ಕೆ ನನ್ನ ಇಟ್ಕೊಳ್ತೀಯೇನೋ ಅಂತ ಕೇಳೋಣ ಅಂತ ಬಂದೆ. ನಿಮ್ಮತ್ತೆಗೆ ಗೊತ್ತಾಗೋದು ಬೇಡ" ಎಂದರು.

ನನ್ನ ಬೇಡಿಕೆ ಇಷ್ಟು. ಈ ಆದೇಶವನ್ನು ರದ್ದುಮಾಡಿ. ಬಂದಿರುವ ಅರ್ಜಿಗಳ ಪಟ್ಟಿಯನ್ನು ದಿನಾಂಕದ ಸಮೇತ ಕಚೇರಿಯ ಬಾಗಿಲಿಗೆ ಅಂಟಿಸಿ, ಬಂದ ಕ್ರಮದಲ್ಲೇ ತೀರ್ಮಾನಿಸಿ. ಮಾವನೊಬ್ಬರ ಅರ್ಜಿಯನ್ನು ಮಾತ್ರ ಹೆಕ್ಕಿ ಸಹಿ ಹಾಕಬೇಡಿ. ಹಾಗೆ ಮಾಡಿದರೆ ಈ ಪತ್ರವೂ ನಿಮ್ಮ ಕಿವಿಗೆ ಹಾಕಿದ ಇನ್ನೊಂದು ಮಾತಾಗುತ್ತದೆ, ಅವರಿಗಿಂತ ಮೊದಲು ನಿಂತ ಇಬ್ಬರು ನಿಂತೇ ಇರುತ್ತಾರೆ. ತಿಂಗಳು ಮುಗಿಯಲು ಇನ್ನು ಒಂಬತ್ತು ದಿನವಿದೆ. ಮಾವ ಕೇಳಿದ್ದಕ್ಕೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಅಷ್ಟರೊಳಗೆ ನೀವು ಕೊಡಿ.

ಇಂತಿ,
ಬೇಡದೆಯೇ ನಿಮ್ಮ ಕೃಪೆಗೆ ಸಿಕ್ಕಿಬಿದ್ದಿರುವ,
ಎದುರು ಮಳಿಗೆಯ ಕ್ಷೌರಿಕ