ಲಿಫ್ಟ್ ಬೀಳ್ಕೊಡುಗೆ ಅಧಿಕಾರಿ ಬೇಕಾಗಿದ್ದಾರೆ

ಜೂನ್ 3, ಸೋಮವಾರ

ಒಂಬತ್ತಕ್ಕೆ ಸರಿಯಾಗಿ ಸ್ವಾಗತ ಮೇಜಿನಲ್ಲಿ ನನ್ನ ಪ್ರತಿಷ್ಠಾಪನೆ. ಬಂದವರ ಹೆಸರು ಬರೆದುಕೊಳ್ಳುವುದು, ಕೊರಳಿಗೊಂದು ಟ್ಯಾಗ್ ಕೊಡುವುದು, ಲಿಫ್ಟ್ ತೋರಿಸುವುದು. ಅಷ್ಟೇ. ಕುರ್ಚಿ ಗಿರಗಿರ ತಿರುಗುತ್ತದೆ. ಮಧ್ಯಾಹ್ನದ ಮೇಲೆ ತಿರುಗುವುದೇ ಕೆಲಸ. ಸಂಬಳ ಮಾತ್ರ ನಗೆಪಾಟಲು. ಇದನ್ನು ಮನೆಯಲ್ಲಿ ಊಟದ ಹೊತ್ತಿಗೆ ದಿನಾ ಘೋಷಿಸುತ್ತೇನೆ. ಅಮ್ಮ ಕೇಳಿಸಿಕೊಳ್ಳುವುದೇ ಇಲ್ಲ. ಅಕ್ಕ ಕೇಳಿಸಿಕೊಂಡು ಸುಮ್ಮನಿರುತ್ತಾಳೆ. ಅವಳು ನದಿಯಾಚೆ ನರ್ಸಿಂಗ್ ಹೋಮಿನಲ್ಲಿ ನರ್ಸ್. ಓದಿದವಳು. ಅವಳಿಗೇನು ಕಡಿಮೆ.

ಗಾರ್ಡ್ ಮಾಮ ಪೇಪರ್ ಓದಿ ಹೇಳಿದ — ನಮ್ಮ ಭಾಗದಲ್ಲಿ ಉದ್ಯೋಗ ಏರುತ್ತಿದೆಯಂತೆ. ಲಿಫ್ಟಿನಲ್ಲಿ ಏರುತ್ತಿದೆಯೋ ಮೆಟ್ಟಿಲಲ್ಲೋ ಎಂದು ವಿಚಾರಿಸಿದೆ. ನದಿಯ ಈಚೆ ಲಿಫ್ಟು, ಆಚೆ ಮೆಟ್ಟಿಲೂ ಇಲ್ಲ ಮಂತ್ರಿಗಳೇ, ಎಂದ. ಮಂತ್ರಿಗಳು ಅಂದರೆ ನಾನು. ಖಾತೆ ಇನ್ನೂ ಹಂಚಿಕೆಯಾಗಿಲ್ಲ.

ಜೂನ್ 4

ಈ ದಿನ ಹೊಸ ಹುದ್ದೆಯೊಂದನ್ನು ಸೃಷ್ಟಿಸಿದೆ. ಸೃಷ್ಟಿಕರ್ತನಿಗೆ ಆಯಾಸವಾಗಿದೆ.

ಮ್ಯಾನೇಜರ್ ಗುರುವಾರದವರೆಗೆ ರಜೆ. ಕಂಪನಿಯ ಹಾಳೆಯಲ್ಲೇ ಪ್ರಿಂಟ್ ತೆಗೆದು ಹೊರಗಿನ ಗಾಜಿಗೆ ಅಂಟಿಸಿದೆ: “ಲಿಫ್ಟ್ ಬೀಳ್ಕೊಡುಗೆ ಅಧಿಕಾರಿ ಬೇಕಾಗಿದ್ದಾರೆ. ಕರ್ತವ್ಯ: ಬಾಗಿಲು ಮುಚ್ಚುವಾಗ ಒಳಗಿರುವವರಿಗೆ ಗೌರವಪೂರ್ವಕವಾಗಿ ಕೈ ಬೀಸುವುದು. ಎರಡೂ ಕೈ ಬೀಸಬಲ್ಲವರಿಗೆ ಆದ್ಯತೆ. ಶುಕ್ರವಾರ ಬೆಳಿಗ್ಗೆ ಖುದ್ದಾಗಿ ಬರತಕ್ಕದ್ದು.” ಸಂಬಳದ ಜಾಗದಲ್ಲಿ ನನ್ನದೇ ಸಂಬಳ ಹಾಕಿದೆ. ಅದಕ್ಕಿಂತ ದೊಡ್ಡ ಜೋಕು ತೋಚಲಿಲ್ಲ.

ಗಾರ್ಡ್ ಮಾಮ ನಕ್ಕ ರಭಸಕ್ಕೆ ಟೋಪಿ ಬಿತ್ತು. ಕೊರಿಯರ್‌ನವರು ಫೋಟೊ ಹೊಡೆದುಕೊಂಡರು. ಸಂಜೆ ಕಿತ್ತು ಕಸದ ಬುಟ್ಟಿಗೆ ಹಾಕಿದೆ, ರಾಷ್ಟ್ರೀಯ ಗೌರವಗಳೊಂದಿಗೆ.

ಜೂನ್ 7, ಶುಕ್ರವಾರ. 8.40

ಬಾಗಿಲಿನಿಂದ ಪಾರ್ಕಿಂಗ್ ದಾಟಿ ರಸ್ತೆಯ ತಿರುವಿನವರೆಗೆ ಜನ. ಕಟ್ಟಡಕ್ಕೆ ಬೆಂಕಿ ಬಿತ್ತೇನೋ ಅಂದುಕೊಂಡೆ. ಬಿದ್ದಿದ್ದರೆ ಎಷ್ಟೋ ವಾಸಿ. ಎಲ್ಲರ ಫೋನಿನಲ್ಲೂ ನನ್ನ ಹಾಳೆಯ ಫೋಟೊ.

ಅದೇ ದಿನ, 11.15. ಟಾಯ್ಲೆಟ್ಟಿನಲ್ಲಿ ಕೂತು

ಯಾರೂ ನಗುತ್ತಿಲ್ಲ. ಇದೊಂದನ್ನು ಮಾತ್ರ ಊಹಿಸಿರಲಿಲ್ಲ... ಪೂರ್ತಿ ಓದಿಕೊಂಡೇ ಬಂದಿದ್ದಾರೆ.

ವಿಜ್ಞಾನದ ಟೀಚರ್ ಒಬ್ಬರು ಗೋಡೆಯ ಕಡೆ ತಿರುಗಿ ಕೈ ಬೀಸಿ ಅಭ್ಯಾಸ ಮಾಡುತ್ತಿದ್ದರು. ಅವರ ಹಿಂದೆ ನದಿಯಾಚೆಯ ಫೌಂಡ್ರಿಯವನು. ಎರಕ ಹೊಯ್ಯುವುದರಲ್ಲಿ ಇಪ್ಪತ್ತು ವರ್ಷ ಸವೆಸಿದವನು. ಎಡಗೈಯನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದ. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ:

“ಸಾರ್, ಈ ಕೈಯಲ್ಲಿ ಬೆರಳಿಲ್ಲ. ಒಂದೇ ಕೈ ಬೀಸಿದ್ರೆ ನಡೆಯುತ್ತಾ?”

ನನ್ನನ್ನು ಇವತ್ತಿನವರೆಗೆ ಯಾರೂ ಸಾರ್ ಅಂದಿರಲಿಲ್ಲ. ನಡೆಯುತ್ತೆ ಅಂದೆ. ನಡೆಯುತ್ತೆ ಅಂದುಬಿಟ್ಟೆ.

ಆಮೇಲೆ ಮ್ಯಾನೇಜರ್ ಬಂದರು. ಸಾಲು ನೋಡಿದರು. ಯಾರದೋ ಫೋನಿನಲ್ಲಿ ಜಾಹೀರಾತು ಓದಿದರು. ನನ್ನ ಕಥೆ ಮುಗಿಯಿತು ಎಂದು ಕಣ್ಣು ಮುಚ್ಚಿದೆ. ಅವರೂ ನಗಲಿಲ್ಲ. ಯಾರು ಅಂಟಿಸಿದ್ದು ಎಂದೂ ಕೇಳಲಿಲ್ಲ. ಎಲ್ಲರ ಹೆಸರು, ಕೆಲಸ, ಈಗ ಸಿಗುವ ಸಂಬಳ ಬರೆದುಕೋ ಅಂದರು. ಮೆಟ್ಟಿಲು ಹತ್ತುವಾಗ ತಮಗೆ ತಾವೇ ಹೇಳಿಕೊಂಡರು: “ಅಂಟಿಸಿದವನಿಗೆ ತಲೆ ಇದೆ.”

ಬರೆದುಕೊಳ್ಳುತ್ತಾ ಹೋದೆ. ಸಂಬಳ ಹೇಳುವಾಗ ಎಲ್ಲರೂ ಮುಂದಕ್ಕೆ ಬಾಗುತ್ತಿದ್ದರು, ಪಕ್ಕದವರಿಗೆ ಕೇಳದ ಹಾಗೆ. ಮೊದಲು ತಪ್ಪಾಗಿ ಕೇಳಿಸಿತು ಅಂದುಕೊಂಡೆ. ಟೀಚರ್‌ಗೂ ನನ್ನಷ್ಟಿಲ್ಲ. ಫೌಂಡ್ರಿಯವನಿಗೂ ಇಲ್ಲ. ತಿರುಗುವ ಕುರ್ಚಿಯ ನನಗಿಂತ...

ಬಾಗಿಲು ಬಡಿಯುತ್ತಿದ್ದಾರೆ. ಬಂದೆ ಬಂದೆ.

ರಾತ್ರಿ

ಊಟಕ್ಕೆ ಮುಂಚೆ ಇಷ್ಟು ಬರೆದುಬಿಡಬೇಕು.

ಹನ್ನೆರಡರ ಸುಮಾರಿಗೆ, ತಲೆ ಎತ್ತದೆ, ಹೆಸರು ಎಂದೆ. ನಾನೇ ಕಣೋ, ಎಂಬ ದನಿ. ತಲೆ ಎತ್ತಿದೆ. ಅಕ್ಕ.

ರಾತ್ರಿಪಾಳಿ ಮುಗಿಸಿ ನೇರ ಬಂದಿದ್ದಳು. ಚಪ್ಪಲಿಯ ಪಟ್ಟಿ ಸಡಿಲಿಸಿಕೊಂಡಿದ್ದಳು, ಕಾಲು ಬಾತಿತ್ತು.

“ನಿಮ್ಮಲ್ಲಿ ಕೆಲಸ ಖಾಲಿ ಇದೆ ಅಂತ ಆಂಬುಲೆನ್ಸ್ ಡ್ರೈವರ್ ಹೇಳ್ಬೇಕಾಯ್ತು ಕಣೋ. ನೀನು ಬಾಯಿ ಬಿಡ್ಲಿಲ್ಲ.”

ಅಕ್ಕ, ಇದು ನಿಜವಲ್ಲ, ಮನೆಗೆ ಹೋಗು ಎಂದು ಪಿಸುಗುಟ್ಟಿದೆ. ನಿನ್ನ ಆಟ ಮನೆಯಲ್ಲಿ ಇಟ್ಟುಕೋ, ನಿಮ್ಮ ಮ್ಯಾನೇಜರೇ ಬರೆಸುತ್ತಿದ್ದಾರಲ್ಲ, ಎಂದಳು. ನಿಜ. ಈಗ ಅದು ನನ್ನ ಆಟವಾಗಿ ಉಳಿದಿರಲಿಲ್ಲ.

ಈಗ ಸಿಗುವ ಸಂಬಳ?

ಅವಳೂ ಬಾಗಿದಳು. ಹೇಳಿದಳು.

ಪೆನ್ನು ನಿಂತಿತು. ನನ್ನದರಲ್ಲಿ ಅರ್ಧ. ಮೂರು ವರ್ಷ ಓದಿ, ರಾತ್ರಿಯೆಲ್ಲ ನಿಂತು, ಸಾಯುವವರ ಕೈ ಹಿಡಿದುಕೊಂಡು — ಅರ್ಧ. ಊಟದ ಹೊತ್ತಿನ ನನ್ನ ಘೋಷಣೆಗಳೆಲ್ಲ ಒಟ್ಟಿಗೆ ಕಿವಿಗೆ ಬಿದ್ದವು.

“ಬರ್ಕೋ,” ಎಂದಳು. “ಅಮ್ಮನಿಗೆ ಹೇಳ್ಬೇಡ.”

ಜೂನ್ 20

ಇಷ್ಟು ದಿನ ಪೆನ್ನು ಮುಟ್ಟಲಿಲ್ಲ. ಸಂಬಳದ ಬಗ್ಗೆ ಮನೆಯಲ್ಲಿ ತುಟಿ ಬಿಚ್ಚಿಲ್ಲ. ಹುಷಾರಿಲ್ಲವೇನೋ ಎಂದು ಅಮ್ಮ ಹಣೆ ಮುಟ್ಟಿ ನೋಡಿದಳು.

ಇವತ್ತು ಮ್ಯಾನೇಜರ್ ಕರೆದರು. ತುಂಬ ಮೃದುವಾಗಿ ಮಾತಾಡಿದರು, ನೀವು ಅಂದರು. ಸ್ವಾಗತ ಮೇಜಿನ ನನ್ನ ಕಾಂಟ್ರಾಕ್ಟ್ ಈ ತಿಂಗಳಿಗೆ ಮುಗಿಯಿತಂತೆ. ಹೊರಗೆ ಅಷ್ಟು ಜನ ನಿಂತಿದ್ದು ನೋಡಿದಿರಲ್ಲ. ಅವರಿಗೆ ಈಗ ಸಿಗುವುದಕ್ಕಿಂತ ತುಸು ಹೆಚ್ಚು ಕೊಟ್ಟರೆ ಸಾಕು, ಖುಷಿಯಾಗಿ ಬರುತ್ತಾರೆ, ಓದಿದವರೂ ಬರುತ್ತಾರೆ. ನೀವೇ ಬರೆದುಕೊಟ್ಟಿದ್ದೀರಿ, ಥ್ಯಾಂಕ್ಸ್, ಅಂದರು.

ಬೀಳ್ಕೊಡುಗೆ ಅಧಿಕಾರಿ? ಎಂದು ಕೇಳಿದೆ. ಯಾಕೆ ಕೇಳಿದೆನೋ. ಅಂಥ ಹುದ್ದೆಯೇ ಇಲ್ಲವಲ್ಲ, ಅಂದರು.

ಗಾರ್ಡ್ ಮಾಮ ಮಂತ್ರಿಗಳೇ ಅನ್ನಲಿಲ್ಲ. ತನಗೂ ಕರೆ ಬರುತ್ತದೋ ಎಂದು ಫೋನ್ ನೋಡುತ್ತಾ ನಿಂತಿದ್ದ.

ಜೂನ್ 22

ಅಕ್ಕನಿಗೆ ಫೋನ್ ಬಂದಿದೆ. ಒಂದನೇ ತಾರೀಖಿನಿಂದ ಕೆಲಸವಂತೆ. ಕೈ ಬೀಸುವುದಲ್ಲವಂತೆ, ಸ್ವಾಗತ ಮೇಜಂತೆ. ಈಗಿನದಕ್ಕಿಂತ ಸ್ವಲ್ಪ ಜಾಸ್ತಿ. ನರ್ಸಿಂಗ್ ಹೋಮಿಗೆ ಆಗಲೇ ರಾಜೀನಾಮೆ ಕೊಟ್ಟು ಬಂದಿದ್ದಾಳೆ. ಇಬ್ಬರೂ ಒಂದೇ ಬಸ್ಸು, ಒಂದೇ ಡಬ್ಬಿ, ಎಂದು ಅಮ್ಮನಿಗೆ ಹೇಳುತ್ತಿದ್ದಳು.

ಅವಳು ಅಷ್ಟು ಜೋರಾಗಿ ಮಾತಾಡಿದ್ದು ಕೇಳಿ ವರ್ಷಗಳಾಗಿದ್ದವು. ಹೇಳಬೇಕು. ಮೇಜಿಗೆ ಇರುವುದು ಒಂದೇ ಕುರ್ಚಿ ಎಂದು...

ಜೂನ್ 30, ಭಾನುವಾರ. ಸಂಜೆ

ಹೇಳಿಲ್ಲ.

ಅಕ್ಕ ಬಟ್ಟೆ ಇಸ್ತ್ರಿ ಮಾಡಿಟ್ಟಳು. ನನ್ನ ಶರ್ಟನ್ನೂ ಮಾಡಿದಳು. ಕುರ್ಚಿ ತಗ್ಗಿಸಲು ಬರುತ್ತಾ, ಕಾಲು ನೆಲಕ್ಕೆ ತಾಗಿದರೆ ಸಾಕು, ಎಂದು ಕೇಳಿದಳು. ಬಲಗಡೆ ಕೆಳಗೆ ಒಂದು ಹಿಡಿ ಇದೆ, ಕೂತುಕೊಂಡೇ ಎತ್ತು, ಮೆಲ್ಲಗೆ ಇಳಿಯುತ್ತೆ, ಅಂದೆ. ತುಂಬ ತಿರುಗಬೇಡ, ತಲೆ ಸುತ್ತುತ್ತೆ.

“ನಿನ್ನ ಕುರ್ಚಿ ಎಲ್ಲಿ ಹಾಕ್ತಾರೋ ಹಾಗಾದ್ರೆ?”

ಲಿಫ್ಟಿನ ಹತ್ತಿರ, ಅಂದೆ. ನನಗೆ ಬಡ್ತಿ. ಬೀಳ್ಕೊಡುಗೆ ಅಧಿಕಾರಿ ನಾನೇ.

ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎಲ್ಲಿ, ಬೀಸಿ ತೋರಿಸು ನೋಡೋಣ, ಎಂದಳು. ಬಲಗೈ ಎತ್ತಿ ಬೀಸಿದೆ. ಎರಡೂ ಕೈ ಕಣೋ, ಆದ್ಯತೆ ಇದೆ, ಎಂದಳು. ಎಡಗೈಯನ್ನೂ ಎತ್ತಿದೆ. ನಗುತ್ತಿದ್ದವಳು ನನ್ನ ಮುಖ ನೋಡಿ ನಿಲ್ಲಿಸಿದಳು. ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದಳು. ಹತ್ತಿರ ಬಂದು, ನನ್ನ ಶರ್ಟನ್ನು ಕೈಯಲ್ಲೇ ಹಿಡಿದುಕೊಂಡು, “ಅಲ್ಲಿ ಎಷ್ಟು ಕುರ್ಚಿ ಇವೆಯೋ?” ಎಂದಳು. ಎತ್ತಿದ ಕೈಯಲ್ಲೇ ಒಂದು ಬೆರಳು ತೋರಿಸಿದೆ.