ಎಷ್ಟು ಕರಗಿಸಿದ್ದೀರಿ?

ಸೆಕೊಂಡಿ ಬಂದರು
ಭಾನುವಾರ, ಮಾರ್ಚ್ 9

ಪ್ರೀತಿಯ ಮೊಮ್ಮಗಳು ಎಕುವಾಗೆ,

ಹೇಗಿದ್ದೀಯ ಕಂದಾ? ಎದೆಯ ಗಂಟಿನಿಂದ ಚೂರು ತೆಗೆದ ಜಾಗದ ನೋವು ಇಳಿಯಿತೇ? ಫಿಫಿ ಹೇಗಿದ್ದಾನೆ? ನಿನ್ನ ಜೊತೆ ಮದುವೆ ನಿಶ್ಚಯವಾದ ಹುಡುಗ, ಮದುವೆ ಬಟ್ಟೆ ಆರಿಸುವ ಹೊತ್ತಿನಲ್ಲಿ ಆಸ್ಪತ್ರೆಯ ಬೆಂಚು ಕಾಯುವಂತಾಯಿತಲ್ಲ. ಇಲ್ಲಿ ನಿನ್ನಮ್ಮ ಎಸಿ, ಜೋಳದ ಹಿಟ್ಟಿನ ಕೆಂಕೆ ಬೇಯಿಸಲು ಕುಳಿತರೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮೂರು ಸಲ ಕೇಳುತ್ತಾಳೆ. ನನ್ನ ಮೊಣಕಾಲು ಹಾಗೇ ಇದೆ. ಫೋನ್ ಎತ್ತಿದರೆ ನಿನಗೆ ಅಳು ಬರುತ್ತದೆ ಎಂದು ಫಿಫಿ ಹೇಳಿದ. ಅದಕ್ಕೇ ಈ ಕಾಗದವನ್ನು ಅಕ್ರಾ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಕ್ಯಾನ್ಸರ್ ಔಷಧಿ ಶುರುವಾಗಲು ಮೂರು ವಾರವಿದೆ, ಅದು ನಿನ್ನ ಅಂಡಗಳನ್ನು ಹಾಳುಮಾಡಬಹುದು, ಅಷ್ಟರೊಳಗೆ ಅವನ್ನು ತೆಗೆದು ಹೆಪ್ಪುಗಟ್ಟಿಸಿ ಇಡಬೇಕು, ಒಂದೇ ಸಲ ತೆಗೆಯುವಷ್ಟು ಮಾತ್ರ ಸಮಯ ಎಂಬುದೂ ಅವನಿಂದಲೇ ತಿಳಿಯಿತು. ಗುರುವಾರ ನಿನ್ನ ಕಚೇರಿ ಪಕ್ಕದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಶುರುವಂತೆ. ನಿಧಾನವಾಗಿ ತಣ್ಣಗಾಗಿಸುವ ಹಳೆಯ ವಿಧಾನವೇ ನಂಬಿಕೆಯದು ಎಂದರಂತೆ ಅಲ್ಲಿಯ ಡಾಕ್ಟರು. ‘ನಿಧಾನ’ ಎಂಬ ಮಾತೇ ನನಗೆ ಹಿಡಿಸಲಿಲ್ಲ. ನಾನು ಮೀನಿನ ಪೆಟ್ಟಿಗೆಗಳ ಮೇಲಿನ ಅಕ್ಷರ ನೋಡಿ ಓದು ಕಲಿತವಳು, ನಿಜ. ಆದರೆ ಮೂವತ್ತೊಂದು ವರ್ಷ ಕೋಲ್ಡ್ ಸ್ಟೋರ್ ನಡೆಸಿದ್ದೇನೆ. ಮನೆಯ ಫ್ರೀಜರಿನಲ್ಲಿ ನಿಧಾನವಾಗಿ ಗಟ್ಟಿಯಾದ ಮೀನು ಕರಗಿದಾಗ ನೀರು ಬಿಟ್ಟು ಮೆತ್ತಗಾಗುತ್ತದೆ. ಬಂದರಿನ ಯಂತ್ರದಲ್ಲಿ ಬೇಗ ಗಟ್ಟಿಯಾದದ್ದು ಆಗಷ್ಟೇ ಬಲೆಯಿಂದ ಬಿಡಿಸಿದಂತಿರುತ್ತದೆ.

ನಗಬೇಡ. ಮೊನ್ನೆ ಶುಕ್ರವಾರ ಬೆಂಟ್ಸಿಲ್ ಹತ್ತಿರ ಹೋದೆ. ಟಾಕೊರಾಡಿಯಲ್ಲಿ ಮಕ್ಕಳಾಗದವರ ಆಸ್ಪತ್ರೆಯ ಲ್ಯಾಬಿನಲ್ಲಿದ್ದಾನೆ, ನನ್ನ ಹಳೆಯ ಗಿರಾಕಿ. “ಅಜ್ಜೀ, ನಿಮ್ಮ ಮೀನು ಸತ್ತಿರುತ್ತೆ, ನಮ್ಮದು ಬದುಕಿ ಬರ್ಬೇಕು,” ಎಂದು ಹಾಸ್ಯ ಮಾಡಿದವನು, ಆಮೇಲೆ ಕೂರಿಸಿ ಹೇಳಿದ. ಅಂಡದ ತುಂಬ ನೀರಂತೆ. ನಿಧಾನದ ಯಂತ್ರದಲ್ಲಿ ಗಂಟೆಗಟ್ಟಲೆ ತಣಿಸುವಾಗ ಆ ನೀರು ಮಂಜಿನ ಸೂಜಿಗಳಾಗಿ ಒಳಗೇ ಚುಚ್ಚಬಹುದು. ಬೇಗದ ವಿಧಾನದಲ್ಲಿ ಮಂದವಾದ ಔಷಧಿಯಲ್ಲಿ ನೆನೆಸಿ ನೀರು ಎಳೆದು, ನೇರ ಕೊರೆಯುವ ದ್ರವ ಸಾರಜನಕದಲ್ಲಿ ಅದ್ದುತ್ತಾರೆ. ಸೂಜಿ ಕಟ್ಟಲು ಸಮಯವೇ ಸಿಗದೆ ಗಾಜಿನಂತೆ ನಿಲ್ಲುತ್ತದೆ. ಹೀಗೆ ಇಟ್ಟವು ಹೆಚ್ಚು ಬದುಕುತ್ತವಂತೆ. ಆದರೆ ಅದು ಕೈಯ ಕೆಲಸ. ತಡವಾದರೆ ಆ ಔಷಧಿಯೇ ವಿಷ. ಕರೆಂಟು ಹೋದರೇನು ಗತಿ ಎಂದೆ. ಅಂಡ ಇಡುವ ಡಬ್ಬಕ್ಕೆ ಕರೆಂಟೇ ಬೇಡ, ದ್ರವ ಆರದಂತೆ ತುಂಬುತ್ತಿದ್ದರೆ ಸಾಕಂತೆ.

ನಮ್ಮ ಬಂದರಿನ ಯಾವ ಹೆಂಗಸೂ ಒಂದು ಮೀನನ್ನು ಕರಗಿಸಿ, ಹಿಚುಕಿ ನೋಡದೆ ಪೆಟ್ಟಿಗೆ ಎತ್ತುವುದಿಲ್ಲ, ನೀವು ಏನು ಮಾಡುತ್ತೀರಿ ಎಂದು ಕೇಳಿದೆ. ಅದಕ್ಕೆ ಅವನೆಂದ: “ಬಂದೋರೆಲ್ಲ ಎಷ್ಟು ಇಟ್ಟಿದ್ದೀರಿ ಅಂತ ಕೇಳ್ತಾರೆ. ಎಷ್ಟು ಕರಗಿಸಿದ್ದೀರಿ, ಅದ್ರಲ್ಲಿ ಎಷ್ಟು ಮಗು ಆಯ್ತು ಅಂತ ಒಬ್ರೂ ಕೇಳಲ್ಲ ಅಜ್ಜೀ.”

ನನ್ನ ತಂಗಿ ಅಬಾ ಬಂದು, ಹೆಣ್ಣಿನ ಕಡೆಯಿಂದ ಸಾಗುವ ನಮ್ಮ ಮನೆತನ ನಡೆಸಲು ಉಳಿದ ಒಂದೇ ಹೆಣ್ಣು ನೀನು ಎಂದು ರಾಗ ಎಳೆದಳು. ಅದು ಎಕುವಾಳ ಎದೆ ಮೇಲೆ ಹೊರಿಸೋ ಮಾತಲ್ಲ ಎಂದು ಎಬ್ಬಿಸಿ ಕಳಿಸಿದೆ. ಮಗು ಬೇಕು ಎಂದವಳು ನೀನು; ಅದಕ್ಕಾಗಿ ಮಾತ್ರ ನನ್ನ ಈ ಒದ್ದಾಟ.

ಹೊಟ್ಟೆ ತುಂಬ ಉಣ್ಣು. ಹೋದ ಹಿರಿಯರೆಲ್ಲ ನಿನ್ನ ಬೆನ್ನಿಗಿರಲಿ.

ನಿನ್ನ ಅಜ್ಜಿ,
ಅರಬಾ

ತಾ.ಕ.: ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿನ್ನೆ ನಿನ್ನ ಹೆಸರು ಹೇಳಿಕೊಂಡು ನಿನ್ನ ಕಚೇರಿ ಪಕ್ಕದ ಆ ಆಸ್ಪತ್ರೆಗೆ ಫೋನ್ ಮಾಡಿದೆ. ಎಷ್ಟು ಕರಗಿಸಿದ್ದೀರಿ ಎಂದರೆ, “ಇನ್ನೂ ಯಾರೂ ವಾಪಸ್ ಕೇಳ್ಕೊಂಡು ಬಂದಿಲ್ಲಮ್ಮ,” ಎಂದಳು ಅಲ್ಲಿಯವಳು. ಅಂದರೆ ಒಂದನ್ನೂ ಕರಗಿಸಿ ನೋಡಿಲ್ಲ. ಗುರುವಾರದ ಸರದಿ ರದ್ದು ಮಾಡಿಸಿಬಿಟ್ಟೆ. ಬೆಂಟ್ಸಿಲ್ ಹೇಳಿದ ಇನ್ನೊಂದು ಆಸ್ಪತ್ರೆ ನಿನಗೆ ದೂರ, ಆದರೆ ಬೇಗದ ವಿಧಾನ. ಅಲ್ಲಿಯವರು ಕರಗಿಸಿದ್ದೆಷ್ಟು, ಹುಟ್ಟಿದ್ದೆಷ್ಟು ಎಂದು ತಡವರಿಸದೆ ಹೇಳಿದರು. ಬರುವ ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ನಿನ್ನ ಹೆಸರು ಬರೆಸಿದ್ದೇನೆ, ವಿಳಾಸ ಕಾಗದದ ಹಿಂಬದಿಯಲ್ಲಿದೆ. ನಿನ್ನನ್ನು ಕೇಳದೆ ನಿನ್ನ ಮೈಯ ವಿಷಯಕ್ಕೆ ಕೈ ಹಾಕಿದ್ದು ತಪ್ಪು, ಗೊತ್ತು. ಗುರುವಾರವೇ ಬೇಕೆಂದರೆ ಬುಧವಾರ ಮಧ್ಯಾಹ್ನದ ತನಕ ಆ ಜಾಗ ಇಟ್ಟಿರುತ್ತಾರಂತೆ. ಬೈಯುವುದಿದ್ದರೆ ಬೈದೇ ಬರೆ, ಆದರೆ ಎಲ್ಲಿಗೆ ಹೋಗುತ್ತೀಯ ಎಂದು ಮಂಗಳವಾರವೇ ಎರಡು ಸಾಲು ಬರೆದು ಕಳಿಸು.